ಕೋಳಿಯ ‘ಕ್ಲೊಯಾಕ’ ಅಂದರೆ ಮಲದ್ವಾರವೇ? ಪದ ಬಂದದ್ದು ಎಲ್ಲಿಂದ?

ಹಿತ್ತಲಕೋಳಿ ಕೇಳಿದ್ದು:

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಜೊತೆಗೆ ಹಿತ್ತಲಲ್ಲಿ ಒಂದಷ್ಟು ನಾಟಿ ಕೋಳಿ, ಈಚೆಗೆ ಗಿರಿರಾಜನೂ ಸೇರಿಕೊಂಡಿದೆ. ಮೊನ್ನೆ ಹೊಸದಾಗಿ ಮೊಟ್ಟೆಗೆ ಬಂದ ಗಿರಿರಾಜ ಹೇಂಟೆಯೊಂದು ಗೂಡಿನ ಮೂಲೆ ಹಿಡಿದು, ಬಾಲ ಇಳಿಬಿಟ್ಟುಕೊಂಡು ನಿಂತಿತ್ತು. ಎತ್ತಿ ನೋಡಿದರೆ ಹಿಂದುಗಡೆ ನಿಂಬೆಹಣ್ಣಿನ ಗಾತ್ರಕ್ಕೆ ಕೆಂಪು ಮಾಂಸ ಹೊರಗೆ ಬಂದಿದೆ, ಒದ್ದೆಯಾಗಿ ಹೊಳೀತಿದೆ. ಉಳಿದ ಕೋಳಿಗಳು ಅದನ್ನೇ ಕುಕ್ಕೋಕೆ ಹೊಂಚು ಹಾಕ್ತಿವೆ. ಬುಟ್ಟಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ತೊಳೆದು, ಒಳಗೆ ಸೇರಿಸಿ, ಚೀಟಿ ಮೇಲೆ ‘ಕ್ಲೊಯಾಕಲ್ ಪ್ರೊಲ್ಯಾಪ್ಸ್’ ಅಂತ ಬರೆದುಕೊಟ್ಟರು. ಹಾಗಂದ್ರೆ ಏನು ಸಾರ್ ಅಂತ ಕೇಳೋಣ ಅಂದರೆ ಬಾಗಿಲಲ್ಲಿ ಹಸು ಹಿಡಿದುಕೊಂಡವರ ಸಾಲು.

ಮಗಳು ಪಿಯುಸಿ ಸೈನ್ಸ್. ‘ಕ್ಲೊಯಾಕ ಕಪ್ಪೆ ಪಾಠದಲ್ಲಿ ಬರುತ್ತೆ ಅಮ್ಮ, ಒಂದು ಮಾರ್ಕಿನ ಪ್ರಶ್ನೆ’ ಅಂದಳು. ಅದಕ್ಕಿಂತ ಹೆಚ್ಚು ಹೇಳೋಕೆ ಅವಳಿಗೂ ಆಗಲಿಲ್ಲ. ಮನೆಯಲ್ಲಿರೋ ನಿಘಂಟು ‘ಮಲದ್ವಾರ’ ಅಂತ ಒಂದೇ ಪದದಲ್ಲಿ ಮುಗಿಸಿದೆ. ಹಾಗಾದರೆ ಕೋಳಿಗೆ ಮೊಟ್ಟೆ ಬರೋದೂ ಅಲ್ಲಿಂದಲೇನಾ? ಮೂತ್ರ ಎಲ್ಲಿ ಹೋಗುತ್ತೆ? ಇಷ್ಟು ವರ್ಷ ಕೋಳಿ ಸಾಕಿದೀನಿ, ಕೋಳಿ ಉಚ್ಚೆ ಹುಯ್ದದ್ದು ಕಂಡಿದ್ದೇ ಇಲ್ಲ! ಮತ್ತೆ ಈ ‘ಕ್ಲೊಯಾಕ’ ಯಾವ ಭಾಷೆಯ ಪದ, ಮೂಲ ಅರ್ಥ ಏನು, ಕನ್ನಡದಲ್ಲಿ ಏನಂತಾರೆ? ತಿಳಿದವರು ಬಿಡಿಸಿ ಹೇಳಿ. ತಮಾಷೆ ಮಾಡೋರು ದಯವಿಟ್ಟು ಪಕ್ಕಕ್ಕೆ ಹೋಗಿ.

ದೀಪು_ಹಾಸನ:

ಪಕ್ಕಕ್ಕೆ ಹೋಗ್ತಾ ಒಂದು ಮಾತು. ನಮ್ಮ ಕಡೆ ಇದಕ್ಕೆ ಎರಡಕ್ಷರದ ಅಚ್ಚಗನ್ನಡ ಪದ ಇದೆ. ಬರೆದರೆ ಅಡ್ಮಿನ್ ಅಳಿಸ್ತಾರೆ. ಚೀಟಿಯಲ್ಲಿ ಅದನ್ನೇ ಬರೆದಿದ್ದರೆ ಇಡೀ ತೀರ್ಥಹಳ್ಳಿಗೆ ಅರ್ಥ ಆಗ್ತಿತ್ತು.

ಹೆಬ್ಬಾಳದ ಹಳಬ:

ದೀಪು, ನಿನ್ನ ಎರಡಕ್ಷರ ಸಭ್ಯತೆಯ ಮಾತು ಬಿಟ್ಟರೂ ಇಲ್ಲಿ ನಡೆಯೋದಿಲ್ಲ. ಅದು ಹಸುವಿಗೆ, ನಾಯಿಗೆ, ನಿನಗೆ, ನನಗೆ ಸಲ್ಲುತ್ತೆ. ಕೋಳಿಗೆ ಸಲ್ಲಲ್ಲ.

ನಾನು ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಇಲಾಖೆ ಕಳಿಸಿದ ಕಡೆಯೆಲ್ಲ ಸುತ್ತಿ ಈಗ ಮನೇಲಿ ಕೂತವನು. ಗಿರಿರಾಜ ಹುಟ್ಟಿದ್ದೂ ಅದೇ ಹೆಬ್ಬಾಳದಲ್ಲಿ, ಹಾಗಾಗಿ ನಿಮ್ಮ ಹೇಂಟೆ ನನಗೆ ಒಂಥರಾ ನೆಂಟರು. ಸಾವಕಾಶವಾಗಿ ಹೇಳ್ತೀನಿ.

ಹಸುವಿನ ಬಾಲ ಎತ್ತಿ ನೋಡಿ, ಎರಡು ದಾರಿ. ಮೇಲಿನದು ಸಗಣಿಗೆ, ಕೆಳಗಿನದು ಗಂಜಲಕ್ಕೂ ಕರುವಿಗೂ. ಕೋಳಿಯ ಬಾಲ ಎತ್ತಿದರೆ ಅಡ್ಡ ಸೀಳಿದ ಹಾಗಿರೋ ಒಂದೇ ಬಾಯಿ. ಆ ಹೊರಬಾಯಿಗೆ ಫಾರಂಗಳಲ್ಲಿ ‘ವೆಂಟ್’ ಅಂತೀವಿ. ಕ್ಲೊಯಾಕ ಅಂದರೆ ಆ ಬಾಯಲ್ಲ, ಅದರ ಹಿಂದಿನ ಕೋಣೆ. ನಿಘಂಟು ಎಡವಿರೋದು ಇಲ್ಲೇ. ಬಾಗಿಲಿನ ಹೆಸರು ಕೊಟ್ಟು ಕೋಣೆಯನ್ನೇ ಮರೆತಿದೆ.

ಆ ಕೋಣೆಯಲ್ಲಿ ಮೂರು ಭಾಗ. ಒಳಗಿನಿಂದ ಬರುವಾಗ ಮೊದಲು ಕೊಪ್ರೋಡಿಯಂ, ಕರುಳು ಬಂದು ಕೂಡುವ ಜಾಗ. ಗ್ರೀಕಿನಲ್ಲಿ ಕೊಪ್ರೋಸ್ ಅಂದರೆ ಸಗಣಿ. ನಡುವೆ ಯೂರೋಡಿಯಂ. ಎರಡು ಮೂತ್ರನಾಳಗಳು ಇಲ್ಲಿಗೆ ಬಿಚ್ಚಿಕೊಳ್ಳುತ್ತವೆ. ಹೇಂಟೆಯ ಅಂಡನಾಳವೂ ಇಲ್ಲಿಗೇ, ಹುಂಜದ ವೀರ್ಯನಾಳಗಳೂ ಇಲ್ಲಿಗೇ. ಹೇಂಟೆಗೆ ಅಂಡಾಶಯ, ಅಂಡನಾಳ ಎರಡೂ ಎಡಗಡೆಯದು ಮಾತ್ರ ಬೆಳೆಯುತ್ತೆ, ಬಲಗಡೆಯದು ಮೊಳಕೆಯಲ್ಲೇ ಕುಗ್ಗಿಹೋಗುತ್ತೆ. ಕೊನೆಯದು ಪ್ರೊಕ್ಟೋಡಿಯಂ, ಅದರಾಚೆ ವೆಂಟ್.

ಮೂತ್ರ ಕಂಡಿಲ್ಲ ಅಂದಿರಿ. ದಿನಾ ಕಾಲಿಗೆ ಮೆತ್ತಿಸಿಕೊಳ್ತಿದೀರಿ. ಕೋಳಿ ಹಿಕ್ಕೆಯ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಇರುತ್ತಲ್ಲ, ಅದೇ ಮೂತ್ರ. ನಮ್ಮ ಮೂತ್ರದಲ್ಲಿ ಯೂರಿಯಾ ಇದ್ದರೆ ಹಕ್ಕಿಯದರಲ್ಲಿ ಯೂರಿಕ್ ಆಮ್ಲ. ಅದು ನೀರಲ್ಲಿ ಸುಲಭವಾಗಿ ಕರಗಲ್ಲ, ಪೇಸ್ಟಿನಂತೆ ಕೂರುತ್ತೆ, ಹೊರಹಾಕೋಕೆ ನೀರು ಬಹಳ ಬೇಡ. ಹಕ್ಕಿಗೆ ಮೂತ್ರಕೋಶವೇ ಇಲ್ಲ. ಯೂರೋಡಿಯಂಗೆ ಬಂದ ಮೂತ್ರ ನೇರವಾಗಿ ಹೊರಗೆ ಹೋಗೋ ಬದಲು ಹಿಮ್ಮುಖವಾಗಿ ಕೊಪ್ರೋಡಿಯಂಗೆ, ಅಲ್ಲಿಂದ ದೊಡ್ಡ ಕರುಳಿನ ತುದಿವರೆಗೂ ಹೋಗುತ್ತೆ. ಅಲ್ಲಿ ಉಳಿದ ನೀರು, ಉಪ್ಪು ಮತ್ತೆ ಮೈಗೆ ಸೇರುತ್ತೆ. ಅಂದರೆ ಈ ಕೋಣೆ ಬರೀ ಗಲೀಜು ಸುರಿಯೋ ಜಾಗ ಅಂದುಕೊಳ್ಳಬೇಡಿ, ಬೇಸಿಗೆಯಲ್ಲಿ ಕೋಳಿಯ ಪ್ರಾಣ ಉಳಿಸೋದರಲ್ಲಿ ಇದಕ್ಕೂ ಪಾಲಿದೆ.

ಈಗ ಮೊಟ್ಟೆ. ಸಗಣಿ, ಮೂತ್ರ ಬರೋ ಜಾಗದಿಂದಲೇ ಮೊಟ್ಟೆಯೂ ಬಂದರೆ ಹೇಸಿಗೆ ಅಲ್ಲವಾ ಅಂತ ನೀವು ಕೇಳೋ ಮೊದಲೇ ಹೇಳ್ತೀನಿ. ಹೇಂಟೆ ಮೊಟ್ಟೆ ಇಡೋದನ್ನ ಹಿಂದಿನಿಂದ ಕೂತು ನೋಡಿದ್ದೀರಾ? ಅರ್ಧ ಎದ್ದು ನಿಲ್ಲುತ್ತೆ, ಗರಿ ಉಬ್ಬಿಸಿ ತಿಣುಕುತ್ತೆ. ವೆಂಟ್ ಅಗಲವಾಗುತ್ತಿದ್ದ ಹಾಗೇ ಅಂಡನಾಳದ ಕೊನೆಯ ತುಂಡು ಒಳಮೈ ಹೊರಗಾಗಿ ಮಗುಚಿಕೊಂಡು ವೆಂಟಿನ ಆಚೆವರೆಗೂ ಬರುತ್ತೆ, ಮೊಟ್ಟೆಯನ್ನು ಹೊರಗೇ ತಂದು ಬಿಟ್ಟು ಸರಕ್ಕನೆ ಒಳಗೆ ಹೋಗುತ್ತೆ. ಆ ಹೊತ್ತಿನಲ್ಲಿ ಕರುಳಿನ ಬಾಯಿ ಒತ್ತಿಕೊಂಡು ಮುಚ್ಚಿರುತ್ತೆ. ಮೊಟ್ಟೆಗೆ ಹಿಕ್ಕೆ ತಾಗೋದಿಲ್ಲ. ಬಿದ್ದ ಮೊಟ್ಟೆ ಒದ್ದೆಯಾಗಿ ಮಿರುಗ್ತಿರುತ್ತೆ, ನೋಡ್ತಾ ನೋಡ್ತಾ ಆ ಪೊರೆ ಆರುತ್ತೆ. ಮೊಟ್ಟೆ ಮೇಲಿನ ಕೊಳೆಯೆಲ್ಲ ಆಮೇಲೆ ಗೂಡಿನ ಹುಲ್ಲಿಂದ, ಕೋಳಿ ಕಾಲಿಂದ ಹತ್ತಿದ್ದು.

ನಿಮ್ಮ ಹೇಂಟೆಗೆ ಆಗಿದ್ದೂ ಇಷ್ಟೇ. ಹೊರಗೆ ಮಗುಚಿದ ಮಾಂಸ ವಾಪಸ್ ಹೋಗಲಿಲ್ಲ. ಚೀಟಿಯಲ್ಲಿ ಕ್ಲೊಯಾಕಲ್ ಅಂತ ಇದ್ದರೂ ಹೇಂಟೆಯಲ್ಲಿ ಹೊರಗೆ ಕಾಣೋದು ಬಹುಪಾಲು ಅಂಡನಾಳದ ತುದಿಯೇ. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದರೆ, ಕೊಬ್ಬು ಹೆಚ್ಚಾದರೆ, ಎರಡು ಭಂಡಾರದ, ಅಂದರೆ ಎರಡು ಹಳದಿಯ, ದಪ್ಪ ಮೊಟ್ಟೆ ಇಟ್ಟರೆ, ಕ್ಯಾಲ್ಸಿಯಂ ಸಾಲದೆ ಸ್ನಾಯು ಸೋತರೆ ಹೀಗಾಗುತ್ತೆ. ಗಿರಿರಾಜ ತಿನ್ನೋದರಲ್ಲಿ ರಾಜನೇ. ನಾಟಿ ಕೋಳಿ ಜೊತೆ ಬಿಟ್ಟು ಅಕ್ಕಿ ನುಚ್ಚು ಸುರೀತಾ ಇದ್ದರೆ ಕೊಬ್ಬುತ್ತೆ.

ಅದನ್ನ ಬೇರೆ ಇಡಿ. ಔಷಧಕ್ಕಿಂತ ಇದೇ ಮುಖ್ಯ. ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ಕರುಳು ಎಳೆದುಹಾಕ್ತವೆ, ಹೊರಬಂದ ಮಾಂಸಕ್ಕಿಂತ ಹೆಚ್ಚು ಹೇಂಟೆ ಸಾಯೋದು ಆ ಕುಕ್ಕಿನಿಂದ. ಬೆಳಕು ಕಡಿಮೆ ಇರೋ ಜಾಗ, ಒಣ ಹುಲ್ಲು, ಸಪ್ಪೆ ಮೇವು. ಮತ್ತೆ ಹೊರಗೆ ಬಂದರೆ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಸಕ್ಕರೆ ಪಾಕ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಊತದ ನೀರು ಎಳೆದುಕೊಂಡು ಕುಗ್ಗುತ್ತೆ. ಆಮೇಲೆ ಒದ್ದೆ ಬೆರಳಲ್ಲಿ ಮೆಲ್ಲಗೆ ಒಳಗೆ. ಉಗುರು ಕತ್ತರಿಸಿಕೊಂಡಿರಬೇಕು.

ಪದದ ಮೂಲ ಲ್ಯಾಟಿನ್. ರೋಮನ್ನರು ‘ಕ್ಲೊಯಾಕ’ ಅಂತಿದ್ದದ್ದು ಊರಿನ ಚರಂಡಿಗೆ. ಊರಿನ ನೀರು ಬಂದು ಕೂಡುವ ಮೋರಿ. ಅಂಗರಚನೆ ಬರೆದವರು ಹಕ್ಕಿ, ಕಪ್ಪೆ, ಹಾವು ಸೀಳಿ ನೋಡಿದಾಗ ಅದೇ ಏರ್ಪಾಡು ಕಂಡಿತು, ಅದೇ ಹೆಸರಿಟ್ಟರು. ಹಾವು, ಹಲ್ಲಿ, ಆಮೆ, ಮೊಸಳೆ, ಶಾರ್ಕ್, ತಿರಂಡಿ ಮೀನು ಎಲ್ಲಕ್ಕೂ ಇದೆ. ಸಾರಿಗೆ ಹಾಕೋ ಬಂಗುಡೆ, ಬೂತಾಯಿಗೆ ಇಲ್ಲ, ಅವಕ್ಕೆ ದಾರಿಗಳು ಬೇರೆ ಬೇರೆ. ಸಸ್ತನಿಗಳಲ್ಲಿ ಮೊಟ್ಟೆ ಇಡುವ ಪ್ಲಾಟಿಪಸ್, ಎಕಿಡ್ನಾಗಳ ಗುಂಪಿನ ಹೆಸರೇ ಮಾನೊಟ್ರೀಮ್, ಗ್ರೀಕಿನಲ್ಲಿ ‘ಒಂದೇ ತೂತಿನವು’. ವಿಜ್ಞಾನಿಗಳೂ ದೀಪುವಿನ ಜಾತಿಯವರೇ, ಗ್ರೀಕಿನಲ್ಲಿ ಬೈದರೆ ಯಾರಿಗೂ ಗೊತ್ತಾಗಲ್ಲ ಅಂತ ಧೈರ್ಯ.

ಒಂದು ವಿಷಯ ಬಿಟ್ಟೆ. ಪ್ರೊಕ್ಟೋಡಿಯಂನ ಸೂರಿಗೆ ಒಂದು ಸಣ್ಣ ಚೀಲ ಅಂಟಿಕೊಂಡಿರುತ್ತೆ, ಬರ್ಸಾ ಆಫ್ ಫ್ಯಾಬ್ರೀಶಿಯಸ್. ಇಟಲಿಯ ಪಾದುವಾದಲ್ಲಿ ಪಾಠ ಹೇಳ್ತಿದ್ದ ಫ್ಯಾಬ್ರೀಶಿಯಸ್ ಗುರುತಿಸಿದ್ದು. ಆತ ತೀರಿಕೊಂಡಿದ್ದು 1619ರಲ್ಲಿ, ಬರಹ ಅಚ್ಚಾಗಿದ್ದು 1621ರಲ್ಲಿ. ಅದು ಮಾಡೋ ಕೆಲಸ ತಿಳಿಯೋಕೆ 1956 ಬರಬೇಕಾಯ್ತು. ಬ್ರೂಸ್ ಗ್ಲಿಕ್ ಅನ್ನೋ ಅಮೆರಿಕದ ಸಂಶೋಧಕ ಮರಿಗಳ ಬರ್ಸಾ ತೆಗೆದಿದ್ದರು. ಆ ಕೋಳಿಗಳು ರೋಗಾಣುವಿನ ಎದುರು ಪ್ರತಿಕಾಯ ಮಾಡಲಿಲ್ಲ. ನಮ್ಮ ರಕ್ತದಲ್ಲಿ ಪ್ರತಿಕಾಯ ಮಾಡುವ ‘ಬಿ’ ಜೀವಕೋಶಗಳ ‘ಬಿ’ ಬಂದದ್ದು ಈ ಬರ್ಸಾದಿಂದ, ಕೋಳಿಯ ಚರಂಡಿಯ ಸೂರಿನಿಂದ. ಸತ್ತ ಮರಿ ತಂದಾಗ ನಾನು ಮೊದಲು ಕತ್ತರಿ ಹಾಕ್ತಿದ್ದದ್ದು ಇಲ್ಲಿಗೇ. ಚೆನ್ನಾಗಿದ್ದರೆ ಬರ್ಸಾದೊಳಗೆ ಪುಸ್ತಕದ ಹಾಳೆಗಳ ಹಾಗೆ ಬೆಳ್ಳಗೆ ಮಡಿಕೆ ಮಡಿಕೆ. ಬರ್ಸಾವನ್ನೇ ಹಾಳುಮಾಡೋ ಗಂಬೋರ ರೋಗ ಬಂದಿದ್ದರೆ ಊದಿಕೊಂಡು, ಹಳದಿ ಲೋಳೆ ಮೆತ್ತಿ, ಕೆಲವು ಸಲ ರಕ್ತ ಕೂಡ. ಆ ರೋಗದಲ್ಲಿ ಮರಿಗಳು ತಮ್ಮ ವೆಂಟನ್ನು ತಾವೇ ಕುಕ್ಕಿಕೊಳ್ಳುತ್ತವೆ. ರೈತರು ‘ಹಿಂದೆ ಕುಕ್ಕಿಕೊಳ್ತಾವೆ ಸಾರ್’ ಅಂದರೆ ಸಾಕು, ಅರ್ಧ ರೋಗ ತಿಳಿದುಹೋಗ್ತಿತ್ತು.

ಹ್ಯಾಚರಿಯವ:

ಹೊಸೂರು ಹತ್ತಿರ ಹ್ಯಾಚರಿಯಲ್ಲಿ ಕೆಲಸ ಮಾಡ್ತಿದ್ದೆ. ಅಲ್ಲಿ ಕ್ಲೊಯಾಕ ಅನ್ನೋ ಪದ ಯಾರ ಬಾಯಲ್ಲೂ ಕೇಳಿಲ್ಲ, ‘ವೆಂಟ್ ನೋಡೋದು’ ಅಂತಾರೆ. ಒಂದು ದಿನದ ಮರಿಯನ್ನ ಎಡಗೈಲಿ ತಲೆಕೆಳಗೆ ಹಿಡಿದು, ಹೊಟ್ಟೆ ಮೆಲ್ಲಗೆ ಒತ್ತಿ ಹಿಕ್ಕೆ ಖಾಲಿ ಮಾಡಿಸಿ, ಬಲ್ಬಿನ ಕೆಳಗೆ ವೆಂಟ್ ಬಿಡಿಸಿ ನೋಡೋದು. ಸಾಸಿವೆಗಿಂತ ಸಣ್ಣ ಗುಬುಟು ಕಂಡರೆ ಹುಂಜ. ಹೇಂಟೆಗಳಲ್ಲೂ ಕೆಲವಕ್ಕೆ ಸ್ವಲ್ಪ ಉಬ್ಬಿರುತ್ತೆ, ಅಲ್ಲೇ ಅನುಭವ ಬೇಕಾಗೋದು. ಕಣ್ಣು ಮಿಟುಕಿಸೋದರಲ್ಲಿ ಎಡಕ್ಕೊಂದು ಬಲಕ್ಕೊಂದು ಎಸೀತಾ ಹೋಗ್ತಾರೆ. ಇದು ಜಪಾನಿನವರು 1920ರ ದಶಕದಲ್ಲಿ ಕಂಡುಹಿಡಿದ ವಿದ್ಯೆ ಅಂತ ನಮಗೆ ಕಲಿಸೋಕೆ ಬಂದವರು ಹೇಳಿದ್ದರು. ಈಗ ಬಹಳಷ್ಟು ತಳಿಗಳಲ್ಲಿ ರೆಕ್ಕೆ ಗರಿ ಅಥವಾ ಬಣ್ಣ ನೋಡಿಯೇ ಹೇಳಬಹುದು, ಕೆಲಸ ಸುಲಭ ಆಗಿದೆ.

ಅಮರದ ಅಕ್ಕ:

ಸಂಸ್ಕೃತ ಕಲಿಸುವವಳು, ಕೋಳಿಯ ಬಗ್ಗೆ ಹೇಳಲು ನನ್ನಲ್ಲೇನೂ ಇಲ್ಲ. ಪದದ ಬಗ್ಗೆ ಎರಡು ಮಾತು.

ಮನುಷ್ಯರ ಮಲದ್ವಾರಕ್ಕೆ ಅಮರಕೋಶ ಒಂದೇ ಉಸಿರಿಗೆ ಮೂರು ಪದ ಕೊಡುತ್ತದೆ: ‘ಗುದಂ ತ್ವಪಾನಂ ಪಾಯುರ್ನಾ’. ಮೂರಕ್ಕೂ ಮೂರು ದಾರಿ. ಪಾಯು ತತ್ತ್ವಶಾಸ್ತ್ರದವರ ಪಾಲಾಯಿತು; ವಾಕ್, ಪಾಣಿ, ಪಾದ, ಪಾಯು, ಉಪಸ್ಥ ಎಂದು ಕರ್ಮೇಂದ್ರಿಯಗಳನ್ನು ಎಣಿಸುವಾಗ ಬರುವುದು ಇದೇ. ಅಪಾನ ಎಂದರೆ ಕೆಳಮುಖವಾಗಿ ಹೋಗುವ ವಾಯುವೂ ಹೌದು, ಅದು ಹೋಗುವ ಜಾಗವೂ ಹೌದು. ಯೋಗದವರು ಇದನ್ನು ಇಟ್ಟುಕೊಂಡರು. ಗುದ ವೈದ್ಯರದ್ದು. ಸುಶ್ರುತ ಮೂಲವ್ಯಾಧಿ ಹೇಳಲು ಹೊರಟವನು ಮೊದಲು ಅಳತೆ ಕೊಡುತ್ತಾನೆ. ಗುದ ದೊಡ್ಡ ಕರುಳಿಗೆ ಹೊಂದಿಕೊಂಡಿದೆ, ಉದ್ದ ನಾಲ್ಕೂವರೆ ಅಂಗುಲ, ಒಳಗೆ ಮೂರು ವಲಿಗಳು, ಅಂದರೆ ಮಡಿಕೆಗಳು: ಪ್ರವಾಹಣೀ, ವಿಸರ್ಜನೀ, ಸಂವರಣೀ. ಒಂದು ಮುಂದಕ್ಕೆ ನೂಕುವುದು, ಒಂದು ಬಿಡುವುದು, ಒಂದು ಮುಚ್ಚುವುದು. ಹೆಸರಲ್ಲೇ ಕೆಲಸ ಇದೆ. ಪೆಟ್ಟು ಬಿದ್ದರೆ ತಕ್ಷಣ ಪ್ರಾಣ ಹೋಗುವ ಮರ್ಮಗಳಲ್ಲೂ ಅವನು ಗುದವನ್ನು ಸೇರಿಸಿದ್ದಾನೆ.

ಇವು ಯಾವುವೂ ಕ್ಲೊಯಾಕ ಅಲ್ಲ ಎಂದು ಹೆಬ್ಬಾಳದವರು ಹೇಳಿದ್ದು ಸರಿ. ಹಿಂದಿಯ ಪಠ್ಯಪುಸ್ತಕಗಳಲ್ಲಿ ಕ್ಲೊಯಾಕಕ್ಕೆ ‘ಅವಸ್ಕರ’ ಎಂದು ಬಳಸುತ್ತಾರೆ. ಬಹಳ ಯೋಚಿಸಿ ಹೆಕ್ಕಿದ ಪದ. ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಮಾಡಿದ್ದಾನೆ, ‘ವರ್ಚಸ್ಕೇಽವಸ್ಕರಃ’, ಆರನೆಯ ಅಧ್ಯಾಯದ ಮೊದಲ ಪಾದದಲ್ಲಿ. ಚೆಲ್ಲು, ಎರಚು ಎಂಬ ಅರ್ಥದ ಧಾತುವಿಗೆ ‘ಅವ’ ಸೇರಿದರೆ ‘ಅವಕರ’, ಅಂದರೆ ಗುಡಿಸಿ ಹಾಕಿದ ಕಸ. ಮಲ ಎಂಬ ಅರ್ಥ ಬೇಕಾದರೆ ನಡುವೆ ಒಂದು ಸಕಾರ ಬಂದು ‘ಅವಸ್ಕರ’. ಒಂದು ಸಕಾರದಲ್ಲಿ ಕಸಕ್ಕೂ ಮಲಕ್ಕೂ ಗಡಿ ಹಾಕಿದ ವ್ಯಾಕರಣ! ಪಾಣಿನಿಯ ಸೂತ್ರಗಳಿಗೆ ಬರೆದ ವ್ಯಾಖ್ಯಾನ ಕಾಶಿಕಾವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದರ ಸಂಬಂಧದಿಂದ ಆ ಜಾಗಕ್ಕೂ ಹಾಗೆನ್ನುತ್ತಾರೆ ಎನ್ನುತ್ತದೆ. ಹೊಲಸಿನ ಹೆಸರು ಹೊಲಸಿನ ಜಾಗಕ್ಕೆ ಬಂದಿತು.

ಅಮರ ಮಲದ ಪರ್ಯಾಯಗಳನ್ನು ಶುರು ಮಾಡುವುದೇ ‘ಉಚ್ಚಾರಾವಸ್ಕರೌ’ ಎಂದು. ಹೌದು, ಉಚ್ಚಾರ ಎಂದರೂ ಮಲವೇ. ಕ್ಲಾಸಿನಲ್ಲಿ ‘ಉಚ್ಚಾರ ಸ್ಪಷ್ಟವಾಗಿರಲಿ’ ಎಂದು ಹೇಳುವ ಮೊದಲು ನಾನು ಈ ಸಾಲನ್ನು ಮಕ್ಕಳಿಗೆ ಓದಿಸುವುದಿಲ್ಲ.

ತೀಬರ್ ದಂಡೆ:

ಕೆಲಸದ ಮೇಲೆ ರೋಮಿನಲ್ಲಿದ್ದೀನಿ, ಊರು ಧಾರವಾಡ. ಮೂಲ ಕ್ಲೊಯಾಕ ನೋಡಬೇಕಂದ್ರ ಇಲ್ಲಿಗೆ ಬರ್ರಿ. ಪೊಂತೆ ಪಲಾತೀನೊ ಸೇತುವೆ ಮ್ಯಾಲ ನಿಂತು ಮುರಕ ಸೇತುವೆ ಕಡೆ ಬಗ್ಗಿ ನೋಡಿದ್ರ, ತೀಬರ್ ನದಿ ದಂಡಿಗೆ ಕಲ್ಲಿನ ಕಮಾನು ಕಾಣತದ. ಅದು ಕ್ಲೊಯಾಕ ಮ್ಯಾಕ್ಸಿಮಾ, ಅಂದ್ರ ಹಿರೇ ಚರಂಡಿ, ನದಿಗೆ ಕೂಡೋ ಬಾಯಿ. ಸುತ್ತ ಅಂಜೂರದ ಗಿಡ, ಪ್ಲಾಸ್ಟಿಕ್ ಬಾಟ್ಲಿ. ಹೆಂಡ್ತಿ ‘ಇದನ್ನ ನೋಡಾಕ ಇಷ್ಟು ದೂರ ನಡಸಿದ್ರೇನು’ ಅಂದ್ಳು.

ಕ್ರಿಸ್ತಪೂರ್ವ 6ನೇ ಶತಮಾನದ್ದು, ತಾರ್ಕ್ವಿನ್ ಅರಸರು ಮಾಡಿಸಿದ್ದು ಅಂತ ರೋಮನ್ನರೇ ಹೇಳಿಕೊಂಡು ಬಂದಾರ. ಮೊದಲ ತೆರೆದ ಕಾಲುವೆ. ಗುಡ್ಡಗಳ ನಡುವಿನ ಜವಳು ನೀರು ಹರಿಸಿ, ಆ ಜಾಗಾದಾಗನ ಮುಂದ ಫೋರಂ, ಅಂದ್ರ ಊರಿನ ನಡುಚೌಕ, ಆತು. ಮ್ಯಾಲ ಕಲ್ಲಿನ ಕಮಾನು ಮುಚ್ಚಿದ್ದು ಆಮ್ಯಾಲ. ಹುಲ್ಲು ಹೇರಿದ ಗಾಡಿ ಒಳಗ ಹೋಗುವಷ್ಟು ಅಗಲ ಇತ್ತು ಅಂತ ರೋಮನ್ ಲೇಖಕ ಪ್ಲಿನಿ ಬರದಾನ. ಕ್ರಿ.ಪೂ. 33ರಾಗ ಊರಿನ ಕಾಮಗಾರಿ ನೋಡಿಕೊಳ್ಳೋ ಅಧಿಕಾರಿ ಅಗ್ರಿಪ್ಪ ಚರಂಡಿ ಎಲ್ಲಾ ಸ್ವಚ್ಛ ಮಾಡಿಸಿ, ದೋಣ್ಯಾಗ ಕುಂತು ಒಳಗಿಂದ ತೀಬರ್ ತನಕ ಹೋಗಿ ಬಂದ. ನಮ್ಮ ಊರಾಗ ಕಾರ್ಪೊರೇಟರ್ ಒಬ್ಬರು ಗಟಾರದಾಗ ಇಳಿದದ್ದು ಯಾರರ ನೋಡೀರೇನು?

ಈ ಚರಂಡಿಗೆ ದೇವಿನೂ ಇದ್ಳು, ಕ್ಲೊಯಾಕೀನಾ. ಮುಂದ ಆಕೀನ್ನ ವೀನಸ್ ಜೋಡಿ ಕೂಡಿಸಿ ವೀನಸ್ ಕ್ಲೊಯಾಕೀನಾ ಅಂದ್ರು. ಫೋರಂನಾಗ ಆಕಿ ಗುಡಿಯ ದುಂಡನೆ ತಳಪಾಯ ಈಗೂ ಅದ, ಕ್ರಿ.ಪೂ. 42ರ ನಾಣ್ಯದ ಮ್ಯಾಲೂ ಆ ಗುಡಿ ಅದ. ಪದದ ಮೂಲಕ್ಕ ಇಲ್ಲೇ ಸುಳಿವು ಸಿಗತದ. ರೋಮನ್ನರು, ಅವರ ನೆರೆಯ ಸಬೈನರು ಜಗಳ ಮುಗಿಸಿ ಮರ್ಟಲ್ ಗಿಡದ ಟೊಂಗಿಯಿಂದ ಶುದ್ಧಿ ಮಾಡಿಕೊಂಡ ಜಾಗಾ ಅದು, ಹಿಂದಿನವರು ‘ಕ್ಲುಎರೆ’ ಅಂದ್ರ ಶುದ್ಧ ಮಾಡು ಅಂತಿದ್ರು ಅಂತ ಪ್ಲಿನಿ ಹೇಳತಾನ. ತೊಳಿ ಅನ್ನೋ ಅರ್ಥದ ಗ್ರೀಕ್ ಧಾತುನೂ ಇದರ ಬಳಗದ್ದ. ಎನಿಮಾಕ್ಕ ಹಳೇ ಡಾಕ್ಟರು ಕ್ಲಿಸ್ಟರ್ ಅಂತಿದ್ರಲ್ಲ, ಅದು ಆ ಗ್ರೀಕ್ ಕಡಿಯಿಂದ ಬಂದದ್ದು. ಅಂದ್ರ ಅಕ್ಕಾರು ಹೇಳಿದ ಅವಸ್ಕರಕ್ಕ ಇದು ತದ್ವಿರುದ್ಧ. ಅವಸ್ಕರ ಹೊಲಸಿನಿಂದ ಹುಟ್ಟಿತು, ಕ್ಲೊಯಾಕ ತೊಳಿಯೋದರಿಂದ.

ಇನ್ನೊಂದು. ಮನಿಷಾರ ಮಲದ್ವಾರಕ್ಕ ಲ್ಯಾಟಿನ್‌ನಾಗ ‘ಆನುಸ್’, ಅದರ ಅರ್ಥ ಉಂಗುರ. ಅದರ ಸಣ್ಣ ರೂಪ ಆನುಲುಸ್, ಅದನ್ನ ಇನ್ನೂ ಸಣ್ಣದು ಮಾಡಿದ್ರ ಇಟಾಲಿಯನ್ ‘ಅನೆಲ್ಲೊ’. ಬಂಗಾರದ ಅಂಗಡಿ ಗಾಜಿನ ಮ್ಯಾಲ ‘ಅನೆಲ್ಲಿ’ ಅಂತ ಬರದಿರತದ. ಲಗ್ನದ ವಾರ್ಷಿಕೋತ್ಸವಕ್ಕ ಉಂಗುರ ಆರಿಸುವಾಗ ಇದನ್ನ ಹೇಳಿ ಬೈಸಿಕೊಂಡೆ.

ಮಕ್ಕಳ ಸರ್ಜನ್:

ಸಣ್ಣದೊಂದು ಸೇರಿಸ್ತೀನಿ. ಕ್ಲೊಯಾಕ ಕೋಳಿ, ಕಪ್ಪೆಗೆ ಮಾತ್ರ ಅಲ್ಲ. ತಾಯಿ ಹೊಟ್ಟೆಯಲ್ಲಿ ನಮಗೆಲ್ಲರಿಗೂ ಇತ್ತು. ಭ್ರೂಣದಲ್ಲಿ ಕರುಳಿನ ತುದಿ, ಮೂತ್ರದ ದಾರಿ ಎರಡೂ ಮೊದಲು ಒಂದೇ ಚೀಲ. ಏಳನೇ ವಾರ ಮುಗಿಯೋ ಹೊತ್ತಿಗೆ ನಡುವೆ ಒಂದು ಪರದೆ ಇಳಿದು ಹಿಂದೆ ಗುದ, ಮುಂದೆ ಮೂತ್ರದ ದಾರಿ ಅಂತ ಬೇರೆ ಆಗುತ್ತೆ. ಅಪರೂಪಕ್ಕೆ ಹೆಣ್ಣು ಮಗುವಿನಲ್ಲಿ ಹೀಗೆ ಬೇರೆಯಾಗದೆ ಮೂತ್ರ, ಯೋನಿ, ಮಲ ಮೂರೂ ಒಂದೇ ದಾರಿಗೆ ಉಳಿದುಬಿಡುತ್ತೆ. ಹುಟ್ಟಿದ ಕೂಡಲೇ ಹೊಟ್ಟೆಯ ಮೇಲೆ ಕರುಳಿಗೆ ತಾತ್ಕಾಲಿಕ ದಾರಿ ಮಾಡಿ, ಆಮೇಲೆ ದೊಡ್ಡ ಆಪರೇಷನ್‌ನಲ್ಲಿ ಮೂರನ್ನೂ ಬಿಡಿಸ್ತೀವಿ. ಹಿಂದಿನಿಂದ ನಟ್ಟನಡುವೆ ಬಿಡಿಸಿ ಸ್ನಾಯುಗಳನ್ನು ಕಣ್ಣಾರೆ ನೋಡಿ ಕೂಡಿಸುವ ವಿಧಾನವನ್ನು ಆಲ್ಬರ್ಟೊ ಪೆನ್ಯಾ ಮತ್ತು ಡಿವ್ರೀಸ್ 1982ರಲ್ಲಿ ಪ್ರಕಟಿಸಿದ ಮೇಲೆ ಈ ಮಕ್ಕಳ ಬಾಳು ಬಹಳ ಬದಲಾಯ್ತು.

ಕೇಸ್ ಶೀಟಿನಲ್ಲಿ ನಾವೂ ‘ಕ್ಲೊಯಾಕ’ ಅಂತಲೇ ಬರೆಯೋದು. ಆದರೆ ಹೆತ್ತವರು ‘ಹಾಗಂದ್ರೇನು ಮೇಡಂ’ ಅಂದಾಗ ಚರಂಡಿ ಅಂತ ಯಾವತ್ತೂ ಹೇಳಲ್ಲ. ಕಾಗದದ ಮೇಲೆ ಚಿತ್ರ ಬರೆದು, ‘ಮೂರು ದಾರಿ ಇರಬೇಕಿತ್ತು, ಮಗೂಗೆ ಕೂಡಿಕೊಂಡು ಒಂದೇ ಆಗಿದೆ, ಬಿಡಿಸಿ ಕೊಡ್ತೀವಿ’ ಅಂತೀನಿ. ಹಾಗಾಗಿ ಪದ ಲ್ಯಾಟಿನ್‌ನಲ್ಲೇ ಇರೋದು ನನಗೆ ಅನುಕೂಲ. ಎಲ್ಲವನ್ನೂ ಕನ್ನಡಕ್ಕೆ ತರಬೇಕು ಅನ್ನೋರಲ್ಲಿ ನಾನೂ ಒಬ್ಬಳು, ಇದೊಂದನ್ನು ಬಿಟ್ಟು.

ಹಿತ್ತಲಕೋಳಿ:

ಎಲ್ಲರಿಗೂ ನಮಸ್ಕಾರ. ಕೇಳಿದ್ದು ಕೋಳಿ ವಿಷಯ, ನೀವೆಲ್ಲ ರೋಮಿನವರೆಗೂ ಕರೆದುಕೊಂಡು ಹೋದಿರಿ. ಮಗಳಿಗೆ ಓದಿಸಿದೆ. ‘ಒಂದು ಮಾರ್ಕಿಗೆ ಇಷ್ಟೆಲ್ಲ ಬರೀಬೇಕಾ’ ಅಂದಳು.

ಹೇಂಟೆಯನ್ನ ಹಳೇ ಸೊಳ್ಳೆ ಪರದೆ ಮುಚ್ಚಿದ ಬುಟ್ಟಿಯಲ್ಲಿ ಕೊಟ್ಟಿಗೆಯ ಕತ್ತಲ ಮೂಲೆಗಿಟ್ಟಿದೀನಿ. ಮಾಂಸ ಒಳಗೇ ನಿಂತಿದೆ, ಹಿಕ್ಕೆ ಹಾಕ್ತಿದೆ, ನೀವು ಹೇಳಿದ ಬಿಳಿಯೂ ಕಂಡಿತು. ಹೆಬ್ಬಾಳದ ಸಾರ್, ಇನ್ನೆರಡು ಕೇಳಲಾ? ಮೊಟ್ಟೆಗೆ ಕೊಳೆ ತಾಗಲ್ಲ ಅಂದಿರಿ, ನಮ್ಮತ್ತೆ ಮೊಟ್ಟೆ ತಂದ ಕೂಡಲೇ ತೊಳೆದು ಇಡ್ತಾರೆ. ಅದು ಸರಿಯಾ? ಇನ್ನೊಂದು, ಈ ಹೇಂಟೆಯ ಮೊಟ್ಟೆ ಮರಿಗೆ ಇಡಬಹುದಾ?

ಹೆಬ್ಬಾಳದ ಹಳಬ:

ಅತ್ತೆಯವರಿಗೆ ನನ್ನ ಹೆಸರು ಹೇಳಬೇಡಿ, ಆದರೆ ತೊಳೆದು ಇಡೋದು ಬೇಡ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಇಟ್ಟಾಗ ಒದ್ದೆಯಾಗಿದ್ದು ಆರಿತು ಅಂದೆನಲ್ಲ, ಆ ಪೊರೆ ಅವನ್ನು ಮುಚ್ಚಿರುತ್ತೆ. ತೊಳೆದರೆ ಪೊರೆ ಹೋಗುತ್ತೆ. ಅದರಲ್ಲೂ ತಣ್ಣೀರಲ್ಲಿ ಅದ್ದಿದರೆ ಒಳಗಿನದು ಕುಗ್ಗಿ ಹೊರಗಿನ ಕೊಳೆ ನೀರನ್ನ ರಂಧ್ರದಿಂದ ಒಳಕ್ಕೆ ಎಳೆದುಕೊಳ್ಳುತ್ತೆ. ಯುರೋಪಿನಲ್ಲಿ ಅಂಗಡಿಗೆ ಹೋಗೋ ಒಳ್ಳೇ ದರ್ಜೆಯ ಮೊಟ್ಟೆ ತೊಳೆಯೋ ಹಾಗಿಲ್ಲ. ಅಮೆರಿಕದವರು ತೊಳೀತಾರೆ, ಅದಕ್ಕೇ ಅಲ್ಲಿ ಮೊದಲಿನಿಂದ ಕೊನೇವರೆಗೂ ಫ್ರಿಜ್ಜಿನಲ್ಲೇ ಇಡಬೇಕು. ನೀವು ಒಣ ಬಟ್ಟೆಯಲ್ಲಿ ಒರೆಸಿ ಇಡಿ, ಬೇಯಿಸೋ ಮುಂಚೆ ಬೇಕಿದ್ದರೆ ತೊಳೀರಿ. ಗೂಡಿನ ಹುಲ್ಲು ಬದಲಾಯಿಸ್ತಾ ಇದ್ದರೆ ಒರೆಸೋ ಕೆಲಸವೂ ಇರಲ್ಲ.

ಮರಿಗೆ ಇಡಬೇಡಿ. ಒಮ್ಮೆ ಜಾರಿದ್ದು ಮತ್ತೆ ಜಾರುತ್ತೆ, ಆ ಗುಣ ಸ್ವಲ್ಪ ವಂಶದಲ್ಲೂ ಹೋಗುತ್ತೆ. ಮೊಟ್ಟೆ ತಿನ್ನೋಕೆ ಏನೂ ತೊಂದರೆ ಇಲ್ಲ, ಕೊಟ್ಟ ಔಷಧದಲ್ಲಿ ಆಂಟಿಬಯೋಟಿಕ್ ಇದ್ದರೆ ಮಾತ್ರ ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದನ್ನ ಹೇಂಟೆ ಒಂದು ರಾತ್ರಿಯಲ್ಲಿ ಹೊಂದಿಸಬೇಕು. ಕಪ್ಪೆಚಿಪ್ಪು ಪುಡಿ ಒಂದು ಚಿಪ್ಪಲ್ಲಿ ಬೇರೆಯಾಗಿ ಇಡಿ, ಬೇಕಾದಷ್ಟು ಅದೇ ತಿನ್ನುತ್ತೆ. ಮೇವಿಗೆ ಕಲಸಿ ಎಲ್ಲಕ್ಕೂ ಕೊಡೋದು ಬೇಡ, ಹುಂಜಕ್ಕೂ ಮರಿಗಳಿಗೂ ಅಷ್ಟು ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಕೆಟ್ಟದ್ದು.

ಅಮರದ ಅಕ್ಕ, ಅವಸ್ಕರ ಪುಸ್ತಕಕ್ಕೆ ಚೆನ್ನಾಗಿದೆ. ಚೀಟಿಯಲ್ಲಿ ಬರೆದರೆ ಮಾತ್ರ ಔಷಧಿ ಅಂಗಡಿಯವನು ಅದೇ ಹೆಸರಿನ ಚೂರ್ಣ ಹುಡುಕ್ತಾನೆ. ನನ್ನ ಸರ್ವೀಸಿನುದ್ದಕ್ಕೂ ರಿಜಿಸ್ಟರಿನಲ್ಲಿ ‘ಕ್ಲೊಯಾಕ’, ರೈತರ ಎದುರು ‘ಮೊಟ್ಟೆ ಬಾಯಿ ಜಾರಿದೆ’ ಅಂತಲೇ ನಡೆಸಿದ್ದೇನೆ.

ದೀಪು_ಹಾಸನ:

ಮೊಟ್ಟೆ ಬಾಯಿ! ಸಾರ್, ಇದನ್ನ ಮೊದಲೇ ಹೇಳಿದ್ದರೆ ನಾನು ಸುಮ್ಮನಿರ್ತಿದ್ದೆ.